ಏನೂ ಆಗದ ದಿನದ ವರದಿ

ಫಾರಂ ಕೇಳುತ್ತದೆ: ಏನಾಯಿತು?
ಬರೆಯುತ್ತೇನೆ: ಏನೂ ಆಗಲಿಲ್ಲ.
ಕಂಪ್ಯೂಟರು ಒಪ್ಪುವುದಿಲ್ಲ,
ಕಡೇಪಕ್ಷ ಐವತ್ತು ಅಕ್ಷರವಾದರೂ ಬೇಕಂತೆ.

ಸರಿ. ಮಂಗಳವಾರ, ಮಧ್ಯಾಹ್ನ ಮೂರೂ ಹತ್ತು,
ವೊಲೊಂಗಾಂಗ್, ವಿಶ್ವವಿದ್ಯಾಲಯದ ವರ್ಕ್‌ಶಾಪು.
ದೂರದಲ್ಲಿ ಉಕ್ಕಿನ ಕಾರ್ಖಾನೆಯ ಹೊಗೆ
ಸಮುದ್ರದ ಕಡೆ ತಲೆಹಾಕಿ ಮಲಗಿತ್ತು.
ಎರಡನೇ ವರ್ಷದ ಹುಡುಗ, ಹೆಸರು ತೆವಿತಾ,
ಕಂಬದ ಡ್ರಿಲ್ಲಿನ ಮೇಲೆ ಬಾಗಿದ್ದ.
ಕನ್ನಡಕ ಹಾಕಿದ್ದ. ಬೂಟು ಸರಿಯಿತ್ತು. ತೋಳು ಮಡಚಿದ್ದ.
ಗೋಡೆಯ ಪಟ್ಟಿಯಲ್ಲಿ ಇದ್ದದ್ದೆಲ್ಲ ಮಾಡಿದ್ದ.

ಕೊರಳಲ್ಲಿ ಮಾತ್ರ ತೂಗುತ್ತಿತ್ತು
ವಿಶ್ವವಿದ್ಯಾಲಯದವರೇ ಕೊಟ್ಟ ನೀಲಿ ಪಟ್ಟಿ,
ಅದರ ತುದಿಗೆ ಅವನದೇ ಫೋಟೋ, ನಗುತ್ತ.
ಭದ್ರತಾ ನೀತಿ, ಪುಟ ಹನ್ನೊಂದು:
ಗುರುತಿನ ಚೀಟಿ ಸದಾ ಎದೆಯ ಮೇಲೆ ಕಾಣುವಂತಿರಲಿ.
ಯಂತ್ರಗಳ ನೀತಿ, ಪುಟ ನಾಲ್ಕು:
ತೂಗುವಂಥದ್ದು ಮೈಮೇಲೆ ಏನೂ ಇರಬಾರದು.
ಎರಡಕ್ಕೂ ಸಹಿ ಹಾಕಿದ್ದ, ಒಂದೇ ಪೆನ್ನಿನಲ್ಲಿ.
ಹಾಕಿಸಿಕೊಂಡವಳು ನಾನು.

ಡ್ರಿಲ್ಲು ಪಟ್ಟಿಯನ್ನು ಕಂಡಿತು.
ಒಂದು ಸುತ್ತು, ಎರಡು,
ಅವನ ಮುಖ ಸರ್ರನೆ ಕಬ್ಬಿಣದ ಕಡೆಗೆ,
ನನ್ನ ಕೈ ಕೆಂಪು ಗುಂಡಿಯಿಂದ ಎರಡು ಮಾರು ದೂರ,
ಟಪ್.
ಕತ್ತಿನ ಹಿಂದೆ ಒಂದು ಪ್ಲಾಸ್ಟಿಕ್ ಕೊಂಡಿ,
ಎಳೆದರೆ ಬಿಟ್ಟುಕೊಳ್ಳಲೆಂದೇ ಮಾಡಿದ್ದು,
ಕಡಲೆಕಾಳಿನಷ್ಟು,
ಬಿಟ್ಟುಕೊಂಡಿತು.

ಆಮೇಲೂ ಅವನ ಫೋಟೋ ಗಿರಗಿರ ತಿರುಗಿತು,
ನಗುತ್ತಲೇ.
ಅವನು ನೋಡುತ್ತ ನಿಂತ.

ಗಾಯ? ಇಲ್ಲ.
ಕಳೆದುಹೋದ ಕೆಲಸದ ದಿನ? ಸೊನ್ನೆ.
ಆಸ್ತಿ ನಷ್ಟ? ಒಂದು ಕೊರಳಪಟ್ಟಿ, ಒಂದು ನಗು.
ಎರಡನೆಯದನ್ನು ಅಳಿಸುತ್ತೇನೆ.

ತಲೆಗೆ ಬಂದದ್ದು ಪಾಗಿಗೆ ಹೋಯಿತು
ಅನ್ನುತ್ತಿದ್ದರು ನಮ್ಮಲ್ಲಿ,
ಅಂದು, ಕೈ ಝಾಡಿಸಿ, ಊಟಕ್ಕೆ ಏಳುತ್ತಿದ್ದರು.
ಹೊಡೆದದ್ದು ಏನು, ಪಾಗು ಎಲ್ಲಿ ಬಿತ್ತು,
ನಾಳೆ ಅದೇ ಬಾಗಿಲಲ್ಲಿ ಬರಿದಲೆಯವನು ಬಂದರೆ?
ಯಾರೂ ಬರೆದಿಡಲಿಲ್ಲ.
ಗಾದೆಗೆ ದಿನಾಂಕವಿಲ್ಲ, ಕೆಳಗೆ ಸಹಿಯಿಲ್ಲ.

"ಬರೀಬೇಡಿ" ಅಂದ ತೆವಿತಾ.
"ನಂದೇ ತಪ್ಪು ಅಂತಾರೆ. ಏನೂ ಆಗ್ಲಿಲ್ವಲ್ಲ."
ದನಿ ಗಟ್ಟಿಯಿತ್ತು, ಮೊಣಕಾಲು ಇರಲಿಲ್ಲ.

ಬ್ಲಾಗೋಯ ಬಂದ, ಈ ಶೆಡ್ಡಿನ ಹಳೇ ಆಸಾಮಿ,
ಅದಕ್ಕೂ ಮೊದಲು ಆ ಹೊಗೆಯ ಕೆಳಗೆ ಇಪ್ಪತ್ತು ವರ್ಷ ದುಡಿದವನು.
ಯಂತ್ರ ಆರಿದೆಯೇ ಎಂದು ಎರಡು ಬಾರಿ ನೋಡಿ
ಎಡಗೈಯನ್ನು ಡ್ರಿಲ್ಲಿನ ಮೇಜಿನ ಮೇಲೆ ಹರವಿಟ್ಟ:
ಮೂರು ಬೆರಳು, ಎರಡು ಗೆಣ್ಣಿನ ಗುರುತು.
"ಇದಕ್ಕೆ ಮುಂಚೆ," ಅಂದ,
"ಎರಡು ಸಲ ಏನೂ ಆಗಿರಲಿಲ್ಲ."

ಮೂಲ ಕಾರಣ ಆರಿಸಿ, ಅನ್ನುತ್ತದೆ ಫಾರಂ.
ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ: ವ್ಯಕ್ತಿಯ ಅಜಾಗರೂಕತೆ.
ಬೆರಳು ಅಲ್ಲೇ ಬೀಳಲೆಂದು ಇಟ್ಟ ಹಾಗೆ.
ಇಳಿಯುತ್ತೇನೆ, ತರಬೇತಿಯ ಕೊರತೆ ದಾಟಿ, ಬೆಳಕು ದಾಟಿ,
ಜಾರುವ ನೆಲ ದಾಟಿ,
ತಳದಲ್ಲಿ ಕೂತ 'ಇತರೆ'ಯವರೆಗೆ.
ಅಲ್ಲಿ ಬರೆಯುತ್ತೇನೆ:
ಪುಟ ಹನ್ನೊಂದು ಪುಟ ನಾಲ್ಕನ್ನು ಓದಿಲ್ಲ.
ನಾನೂ ಎರಡನ್ನು ಒಟ್ಟಿಗೆ ಓದಿರಲಿಲ್ಲ.

ಸಮಿತಿ ಸೇರುವುದು ಚಳಿಗಾಲ ಕಳೆದ ಮೇಲೆ.
ಅಲ್ಲಿಯವರೆಗೆ ಬಾಗಿಲ ಪಕ್ಕ ಒಂದು ಹಲಗೆ,
ಹದಿನಾಲ್ಕು ಕೊಕ್ಕೆ, ನಮ್ಮದೇ ಸ್ಕ್ರೂ.
ಈಗ ಒಳಗೆಷ್ಟು ತಲೆಯೋ ಗೋಡೆಗೆ ಅಷ್ಟು ಮುಖ,
ಸಂಜೆ ಬೀಗ ಹಾಕುವ ಮುಂಚೆ
ಎಲ್ಲ ಮುಖವೂ ಮನೆಗೆ ಹೋಯಿತೇ ಎಂದು ನೋಡುತ್ತೇನೆ.

ತೆವಿತಾ ತನ್ನ ಪಟ್ಟಿಯನ್ನು ತಲೆಯ ಮೇಲಿಂದ ತೆಗೆಯುವುದಿಲ್ಲ.
ಹೊಸ್ತಿಲಲ್ಲಿ ನಿಂತು ಎಳೆಯುತ್ತಾನೆ, ಪ್ರತಿ ಸಲ,
ಟಪ್.
ಆ ಸದ್ದಿಗೆ ಬ್ಲಾಗೋಯ ತಲೆಯೆತ್ತುತ್ತಾನೆ.